ತಾಮ್ರವೋ ಗಾಜೋ: ಮನೆ, ತೋಟ, ಕಚೇರಿಗಳಿಗೆ ಡೇಟಾ ಕೇಬಲ್ ಆರಿಸುವ ಬಗೆ

ಹೊಸ ಮನೆ ಕಟ್ಟಿಸುವವರಿಗೆ ಗೋಡೆಯ ಪ್ಲಾಸ್ಟರಿಂಗ್ ಹತ್ತಿರವಾದಾಗ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ. ಕೋಣೆಕೋಣೆಗೆ ಕ್ಯಾಟ್ 6 ಎಂಬ ದರ್ಜೆಯ ತಾಮ್ರದ ಕೇಬಲ್ ಎಳೆಸಿದರೆ ಸಾಕೇ, ಅದಕ್ಕೂ ಮೇಲಿನ ದರ್ಜೆಯ ಕ್ಯಾಟ್ 6ಎ ಬೇಕೇ, ಗಾಜಿನ ಎಳೆಯ ಫೈಬರನ್ನೇ ಎಲ್ಲೆಡೆಗೆ ಒಯ್ಯುವುದು ಒಳ್ಳೆಯದೇ, ಅಥವಾ ಹೇಗೂ ಹಾಕಿಸುವ ಟಿವಿ ಕೇಬಲ್‌ನಲ್ಲೇ ಇಂಟರ್ನೆಟ್ಟನ್ನೂ ಹರಿಸಬಹುದೇ? ತೋಟದ ಮನೆಯಿಂದ ಪಂಪ್‌ಸೆಟ್ ಶೆಡ್ಡಿಗೆ ಕ್ಯಾಮೆರಾ ಹಾಕಿಸುವವರು, ಹಳೆಯ ಕಟ್ಟಡದ ಪಕ್ಕದಲ್ಲಿ ಹೊಸದೊಂದನ್ನು ಕಟ್ಟಿದ ಶಾಲೆಯವರು ಕೇಳುವುದೂ ಇದೇ ಮಾತನ್ನು. ಅಂಗಡಿಯವರು, ವಿದ್ಯುತ್ ಕೆಲಸದವರು, ಇಂಟರ್ನೆಟ್ ಸಂಪರ್ಕ ಕೊಡುವವರು ತಮ್ಮ ತಮ್ಮ ಸರಕಿನ ಕಡೆಯಿಂದ ಉತ್ತರ ಹೇಳುವುದರಿಂದ ಕೇಳಿದವರ ಗೊಂದಲ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಸಂಕೇತವು ತಂತಿಯಲ್ಲಿ ಮತ್ತು ಗಾಜಿನಲ್ಲಿ ಹೇಗೆ ಸಾಗುತ್ತದೆ ಎಂಬುದನ್ನು ಸ್ವಲ್ಪ ತಿಳಿದುಕೊಂಡರೆ ಈ ಆಯ್ಕೆಯನ್ನು ನಾವೇ ಮಾಡಬಹುದು.

ಮೊದಲು ಒಂದು ತಪ್ಪು ನಂಬಿಕೆಯನ್ನು ಬದಿಗಿಡಬೇಕು. ಫೈಬರಿನಲ್ಲಿ ಬೆಳಕು ಹರಿಯುವುದರಿಂದ ಅದು ತಾಮ್ರಕ್ಕಿಂತ ಬಹಳ ಬೇಗ ಗುರಿ ಮುಟ್ಟುತ್ತದೆ ಎಂದು ಅನೇಕರು ತಿಳಿದಿದ್ದಾರೆ. ನಿರ್ವಾತದಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಎಂಬುದು ನಿಜ. ಆದರೆ ಗಾಜಿನ ವಕ್ರೀಭವನ ಸೂಚ್ಯಂಕ 1.47ರಷ್ಟು ಇರುವುದರಿಂದ ಅದರೊಳಗೆ ಬೆಳಕಿನ ವೇಗ ಸುಮಾರು 2 ಲಕ್ಷ ಕಿಲೋಮೀಟರಿಗೆ ಇಳಿಯುತ್ತದೆ. ನೆಟ್‌ವರ್ಕ್ ಕೇಬಲ್‌ನ ತಾಮ್ರದಲ್ಲಿ ಸಾಗುವ ವಿದ್ಯುತ್ ಸಂಕೇತದ ವೇಗವೂ ಹೆಚ್ಚುಕಡಿಮೆ ಅಷ್ಟೇ. ಅಂದರೆ 100 ಮೀಟರ್ ದಾಟಲು ಎರಡಕ್ಕೂ ಬೇಕಾಗುವ ಕಾಲ ಸುಮಾರು ಅರ್ಧ ಮೈಕ್ರೋಸೆಕೆಂಡ್.

ವ್ಯತ್ಯಾಸವಿರುವುದು ಆ ಕೊನೆಗೆ ಎಷ್ಟು ಸಂಕೇತ ಉಳಿದಿರುತ್ತದೆ ಎಂಬುದರಲ್ಲಿ. ತಾಮ್ರದಲ್ಲಿ ಆವರ್ತನ ಹೆಚ್ಚಿದಂತೆ ವಿದ್ಯುತ್ತು ತಂತಿಯ ಮೇಲ್ಮೈಗೆ ಸರಿದು ತೆಳುವಾದ ಪದರದಲ್ಲಷ್ಟೇ ಹರಿಯುತ್ತದೆ, ಹಾಗಾಗಿ ಅದಕ್ಕೆ ಎದುರಾಗುವ ರೋಧವೂ ಹೆಚ್ಚುತ್ತದೆ. ಕ್ಯಾಟ್ 6 ಕೇಬಲ್‌ನ 100 ಮೀಟರ್ ಹಾದಿಯಲ್ಲಿ, ಅದರ ಗರಿಷ್ಠ ಆವರ್ತನವಾದ 250 ಮೆಗಾಹರ್ಟ್ಸ್‌ನಲ್ಲಿ, ಸುಮಾರು 36 ಡೆಸಿಬೆಲ್‌ವರೆಗಿನ ನಷ್ಟಕ್ಕೆ ಮಾನಕವೇ ಅನುಮತಿ ಕೊಡುತ್ತದೆ. ಲೆಕ್ಕ ಹಾಕಿದರೆ, ಕಳಿಸಿದ ಶಕ್ತಿಯ ಸುಮಾರು 4000 ಪಾಲಿನಲ್ಲಿ ಒಂದು ಪಾಲು ಮಾತ್ರ ಆಚೆ ತುದಿಗೆ ಮುಟ್ಟುತ್ತದೆ. ಗಾಜಿನ ಎಳೆಯಲ್ಲಾದರೋ 1310 ನ್ಯಾನೊಮೀಟರ್ ತರಂಗಾಂತರದ ಬೆಳಕು ಒಂದು ಇಡೀ ಕಿಲೋಮೀಟರಿಗೆ ಕಳೆದುಕೊಳ್ಳುವುದು ಸುಮಾರು 0.35 ಡೆಸಿಬೆಲ್, ನೂರರಲ್ಲಿ 92 ಪಾಲು ಉಳಿದಿರುತ್ತದೆ. 1550 ನ್ಯಾನೊಮೀಟರ್‌ನಲ್ಲಿ ನಷ್ಟ ಇನ್ನೂ ಕಡಿಮೆ, ಬೆಳಕು ಅರ್ಧಕ್ಕಿಳಿಯಲು ಸುಮಾರು 15 ಕಿಲೋಮೀಟರ್ ಸಾಗಬೇಕು.

ಈ ಗಾಜು ಸುಮ್ಮನೆ ದೊರೆತದ್ದಲ್ಲ. 1966ರಲ್ಲಿ ಚಾರ್ಲ್ಸ್ ಕಾವೊ ಮತ್ತು ಜಾರ್ಜ್ ಹಾಕಂ ಎಂಬಿಬ್ಬರು, ಕಿಲೋಮೀಟರಿಗೆ 20 ಡೆಸಿಬೆಲ್‌ಗಿಂತ ಕಡಿಮೆ ನಷ್ಟವಿರುವ ಗಾಜು ಸಿಕ್ಕರೆ ದೂರಸಂಪರ್ಕಕ್ಕೆ ಅದನ್ನು ಬಳಸಬಹುದೆಂದು ತೋರಿಸಿಕೊಟ್ಟರು. ನಷ್ಟಕ್ಕೆ ಮುಖ್ಯ ಕಾರಣ ಗಾಜಿನೊಳಗಿನ ಕಲ್ಮಶಗಳೇ ಹೊರತು ಗಾಜಿನ ಸ್ವಭಾವವಲ್ಲ ಎಂಬುದು ಅವರ ವಾದದ ತಿರುಳಾಗಿತ್ತು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ವಿಜ್ಞಾನಿಗಳು ಆ ಮಟ್ಟವನ್ನು ಮುಟ್ಟಿದರು. ಕಾವೊ ಅವರಿಗೆ 2009ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂದದ್ದು ಈ ಕೆಲಸಕ್ಕಾಗಿಯೇ.

ತಾಮ್ರದ ಇನ್ನೊಂದು ತೊಡಕು ಅಕ್ಕಪಕ್ಕದ ತಂತಿಗಳದು. ಒಂದು ಜೋಡಿಯ ಸಂಕೇತ ಪಕ್ಕದ ಜೋಡಿಗೆ ಸೋರುತ್ತದೆ, ಹೊರಗಿನ ವಿದ್ಯುತ್ ತಂತಿಯ ಗದ್ದಲವೂ ಒಳಗೆ ಸೇರುತ್ತದೆ. ಎರಡು ತಂತಿಗಳನ್ನು ಒಂದಕ್ಕೊಂದು ಹೊಸೆದರೆ ಎರಡಕ್ಕೂ ಸಮನಾಗಿ ತಗುಲಿದ ಗದ್ದಲವು ಪರಸ್ಪರ ಕಳೆದುಹೋಗುತ್ತದೆ. ಈ ಉಪಾಯಕ್ಕೆ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಪೇಟೆಂಟ್ ಪಡೆದಿದ್ದರು. ಇಂದಿನ ನೆಟ್‌ವರ್ಕ್ ಕೇಬಲ್‌ನ ಸಿಪ್ಪೆ ಸುಲಿದು ನೋಡಿದರೆ ಕಿತ್ತಳೆ, ಹಸಿರು, ನೀಲಿ, ಕಂದು ಬಣ್ಣದ ನಾಲ್ಕು ಜೋಡಿಗಳು ಕಾಣುತ್ತವೆ. ಅವುಗಳ ಹೊಸೆತ ಒಂದೇ ಬಿಗಿಯಲ್ಲಿಲ್ಲ, ಒಂದೊಂದರದು ಒಂದೊಂದು ಬಿಗಿ. ಜೋಡಿಗಳು ಒಂದರ ಮಾತನ್ನು ಇನ್ನೊಂದು ಕೇಳಿಸಿಕೊಳ್ಳದಿರಲೆಂದೇ ಹಾಗೆ ಮಾಡಿರುತ್ತಾರೆ.

ಯಾವುದನ್ನು ನೋಡಿ ಆರಿಸಬೇಕು

ಮೊದಲನೆಯದು ದೂರ. ತಾಮ್ರದ ಈಥರ್ನೆಟ್‌ಗೆ (ಕೇಬಲ್ ಮೂಲಕ ನಡೆಯುವ ನೆಟ್‌ವರ್ಕ್ ಸಂಪರ್ಕಕ್ಕೆ) 100 ಮೀಟರ್ ಗಡಿ: ಗೋಡೆಯೊಳಗಿನ ಗಟ್ಟಿ ಕೇಬಲ್ 90 ಮೀಟರ್, ಎರಡು ತುದಿಯಲ್ಲಿ ಉಪಕರಣಕ್ಕೆ ಸಿಕ್ಕಿಸುವ ತುಂಡು ಕೇಬಲ್‌ಗಳು, ಅಂದರೆ ಪ್ಯಾಚ್ ಕಾರ್ಡ್‌ಗಳು, ಸೇರಿ 10 ಮೀಟರ್. ಅದನ್ನು ಮೀರಿಯೂ ಕೆಲವೊಮ್ಮೆ ಸಂಪರ್ಕ ಸಿಗುತ್ತದೆ, ಆದರೆ ಅದು ಉಳಿಯುವ ಭರವಸೆಯಿಲ್ಲ. ಎರಡನೆಯದು ಹಾದಿ: ಕೇಬಲ್ ಮನೆಯೊಳಗೇ ಇರುತ್ತದೆಯೋ, ಬಯಲಿಗೆ ಬಂದು ಇನ್ನೊಂದು ಕಟ್ಟಡಕ್ಕೆ ಹೋಗುತ್ತದೆಯೋ. ಮೂರನೆಯದು, ಆಚೆ ತುದಿಯ ಉಪಕರಣಕ್ಕೆ ಇದೇ ಕೇಬಲ್‌ನಲ್ಲಿ ವಿದ್ಯುತ್ತನ್ನೂ ಕಳಿಸಬೇಕೇ ಎಂಬುದು. ನಾಲ್ಕನೆಯದನ್ನು ಜನ ಹೆಚ್ಚಾಗಿ ಮರೆಯುತ್ತಾರೆ: ಕೇಬಲ್ ತುಂಡಾದರೆ ನಿಮ್ಮ ಊರಿನಲ್ಲಿ ಅದನ್ನು ಜೋಡಿಸಿಕೊಡುವವರು ಯಾರು, ಅವರು ಬರಲು ಎಷ್ಟು ದಿನ ಹಿಡಿಯುತ್ತದೆ? ಇವೆಲ್ಲವನ್ನೂ ನೋಡಿದ ಮೇಲೆ ವೇಗದ ಮಾತು. ಮನೆಗೆ ಬರುವ ಸಂಪರ್ಕವೇ 100 ಅಥವಾ 300 ಎಂಬಿಪಿಎಸ್ ಆಗಿದ್ದರೆ, ಗೋಡೆಯೊಳಗೆ 10 ಜಿಬಿಪಿಎಸ್ (10,000 ಎಂಬಿಪಿಎಸ್) ಕೇಬಲ್ ಹೂಳಿ ಇಂದು ಪಡೆಯುವುದು ಏನೂ ಇಲ್ಲ.

ಹಣದ ಲೆಕ್ಕದಲ್ಲಿ ಒಂದು ಮಾತು. ಕೇಬಲ್‌ನ ಬೆಲೆಗಿಂತ ಗೋಡೆ ಕೊರೆದು ಪೈಪು ಹೂಳುವ, ಮತ್ತೆ ಗಾರೆ ಮಾಡಿ ಬಣ್ಣ ಬಳಿಯುವ ಖರ್ಚೇ ಹೆಚ್ಚು. ಹಾಗಾಗಿ ಉಳಿತಾಯಕ್ಕೆ ಕೈಹಾಕುವ ಜಾಗ ಕೇಬಲ್ ಅಲ್ಲ, ಪೈಪಂತೂ ಅಲ್ಲವೇ ಅಲ್ಲ.

ತಾಮ್ರದ ಜೋಡಿ ತಂತಿ: 5ಇ, 6, 6ಎ

ಕ್ಯಾಟ್ 5ಇ 100 ಮೆಗಾಹರ್ಟ್ಸ್‌ವರೆಗಿನ ಕೇಬಲ್. 100 ಮೀಟರಿಗೆ 1 ಜಿಬಿಪಿಎಸ್ ಅದರ ನೇರ ಸಾಮರ್ಥ್ಯ. 2016ರಲ್ಲಿ ಬಂದ ಮಾನಕದ ಪ್ರಕಾರ ಅಷ್ಟೇ ದೂರಕ್ಕೆ 2.5 ಜಿಬಿಪಿಎಸ್ ಕೂಡ ಸಾಗಬಲ್ಲದು. ಆದ್ದರಿಂದ ಹಳೆಯ ಮನೆಯಲ್ಲಿ ಒಳ್ಳೆಯ 5ಇ ಈಗಾಗಲೇ ಇದ್ದರೆ ಅದನ್ನು ಕೀಳಿಸುವ ಅಗತ್ಯವಿಲ್ಲ. ಹೊಸದಾಗಿ ಕೊಳ್ಳುವುದಾದರೆ ಕ್ಯಾಟ್ 6 ಕೊಳ್ಳಿ. 250 ಮೆಗಾಹರ್ಟ್ಸ್‌ನ ಈ ಕೇಬಲ್ 1 ಜಿಬಿಪಿಎಸ್ ಅನ್ನು ನಿರಾಯಾಸವಾಗಿ ಒಯ್ಯುತ್ತದೆ, 55 ಮೀಟರ್‌ವರೆಗೆ 10 ಜಿಬಿಪಿಎಸ್ ಅನ್ನೂ ಒಯ್ಯಬಲ್ಲದು. ಹಲವು ಕೇಬಲ್‌ಗಳನ್ನು ಒತ್ತಾಗಿ ಕಟ್ಟಿದಾಗ ಈ ದೂರ ಕಡಿಮೆಯಾಗುತ್ತದೆ ನಿಜ, ಆದರೆ ನಮ್ಮ 30×40 ಸೈಟಿನ ಮನೆಯಲ್ಲಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವ ಕೇಬಲ್ 25–30 ಮೀಟರ್ ಮೀರುವುದೇ ಅಪರೂಪ. ಅಂಥ ಮನೆಗೆ ಕ್ಯಾಟ್ 6 ಬಹಳ ವರ್ಷಗಳ ಮಾತು.

ಕ್ಯಾಟ್ 6ಎ 500 ಮೆಗಾಹರ್ಟ್ಸ್‌ವರೆಗಿನದು, ಪೂರ್ತಿ 100 ಮೀಟರಿಗೆ 10 ಜಿಬಿಪಿಎಸ್ ಕೊಡುತ್ತದೆ. ಆದರೆ ಅದು ದಪ್ಪ, ಬಿರುಸು, ಪೈಪಿನ ತಿರುವುಗಳಲ್ಲಿ ಸುಲಭವಾಗಿ ಬಾಗುವುದಿಲ್ಲ. ಕ್ಯಾಟ್ 6ರ ಎರಡು ಕೇಬಲ್ ಆರಾಮಾಗಿ ಹಾಯುವ ಪೈಪಿನಲ್ಲಿ 6ಎ ಎಳೆಯುವಾಗ ಹೊರಸಿಪ್ಪೆ ಹರಿಯುವಷ್ಟು ಬಲ ಹಾಕಬೇಕಾಗಬಹುದು. ದೊಡ್ಡ ಕಚೇರಿ, ಆಸ್ಪತ್ರೆ, ವಿಡಿಯೋ ಸಂಕಲನದ ಸ್ಟುಡಿಯೋದಂಥ ಕಡೆ ಅದಕ್ಕೆ ಬೆಲೆಯಿದೆ; ಸಾಮಾನ್ಯ ಮನೆಗೆ ನಾನದನ್ನು ಸೂಚಿಸುವುದಿಲ್ಲ. ಇನ್ನು ಕ್ಯಾಟ್ 8 ಎಂಬುದು 30 ಮೀಟರ್ ಒಳಗಿನ ಡೇಟಾ ಸೆಂಟರ್ ಕೆಲಸಕ್ಕೆಂದು ಮಾಡಿದ್ದು. ಮನೆಗೆ ಅದನ್ನು ಯಾರಾದರೂ ಒತ್ತಾಯಿಸಿದರೆ ಬೇಡವೆನ್ನಿ.

ಕ್ಯಾಟ್ ಸಂಖ್ಯೆಗಿಂತಲೂ ಗಮನವಿಟ್ಟು ನೋಡಬೇಕಾದದ್ದು ಒಳಗಿನ ಲೋಹವನ್ನು. ಸಿಸಿಎ ಎಂದು ಕರೆಯುವ ಅಗ್ಗದ ಕೇಬಲ್‌ನಲ್ಲಿ ಒಳಗಿರುವುದು ಅಲ್ಯೂಮಿನಿಯಂ, ಮೇಲೆ ತಾಮ್ರದ ತೆಳು ಲೇಪ. ಅದರ ರೋಧ ಶುದ್ಧ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು. ಒಂದೆರಡು ಸಲ ಬಾಗಿಸಿದರೆ ತಂತಿ ಮುರಿಯುತ್ತದೆ, ವಿದ್ಯುತ್ತನ್ನೂ ಅದರಲ್ಲೇ ಕಳಿಸಿದರೆ ಹೆಚ್ಚು ಬಿಸಿಯಾಗುತ್ತದೆ. ನೆಟ್‌ವರ್ಕ್ ಕೇಬಲ್‌ನ ಮಾನಕಗಳು ಅದನ್ನು ಒಪ್ಪುವುದೇ ಇಲ್ಲ. ಆದರೂ ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಕ್ಯಾಟ್ 6 ಎಂದಿರುತ್ತದೆ. ಪರೀಕ್ಷೆ ಸುಲಭ: ಒಂದು ತಂತಿಯ ಬಣ್ಣದ ಹೊದಿಕೆ ತೆಗೆದು ಬ್ಲೇಡಿನಿಂದ ಮೆಲ್ಲಗೆ ಹೆರೆಯಿರಿ. ಕೆಂಪು ಬಣ್ಣದ ಕೆಳಗೆ ಬಿಳಿ ಹೊಳಪು ಕಂಡರೆ ಅದು ಅಲ್ಯೂಮಿನಿಯಂ. ಎಷ್ಟು ಹೆರೆದರೂ ಕೆಂಪೇ ಇದ್ದರೆ ತಾಮ್ರ. 305 ಮೀಟರಿನ ಡಬ್ಬಿಯನ್ನು ಎತ್ತಿ ನೋಡಿದರೂ ಅಂದಾಜು ಸಿಗುತ್ತದೆ, ಅಲ್ಯೂಮಿನಿಯಂನ ಸಾಂದ್ರತೆ ತಾಮ್ರದ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಶುದ್ಧ ತಾಮ್ರದ ಕ್ಯಾಟ್ 5ಇ ಮತ್ತು ಸಿಸಿಎಯ ಕ್ಯಾಟ್ 6 ಒಂದೇ ಬೆಲೆಗೆ ಸಿಕ್ಕರೆ ಕಣ್ಣುಮುಚ್ಚಿ ಮೊದಲನೆಯದನ್ನು ತೆಗೆದುಕೊಳ್ಳಿ.

ತಾಮ್ರದ ದೊಡ್ಡ ಬಲವೆಂದರೆ ಡೇಟಾದ ಜೊತೆಗೆ ವಿದ್ಯುತ್ತನ್ನೂ ಕೊಡಬಲ್ಲದು. ಪಿಒಇ ಎನ್ನುವ ಈ ವ್ಯವಸ್ಥೆ 2003ರಲ್ಲಿ 15.4 ವಾಟ್‌ನಿಂದ ಮೊದಲಾಗಿ, 2009ರಲ್ಲಿ 30 ವಾಟ್‌ಗೆ, 2018ರಲ್ಲಿ 90 ವಾಟ್‌ಗೆ ಏರಿತು. ಗೇಟಿನ ಕ್ಯಾಮೆರಾ, ಮಹಡಿಯ ಚಾವಣಿಗೆ ಅಂಟಿಸಿದ ವೈಫೈ ಉಪಕರಣ, ಕಚೇರಿಯ ಫೋನು ಇವಕ್ಕೆಲ್ಲ ಬೇರೆ ಪ್ಲಗ್ ಬೇಕಿಲ್ಲ. ಕರೆಂಟ್ ಹೋದಾಗಲೂ, ಕೇಬಲ್‌ಗಳೆಲ್ಲ ಬಂದು ಸೇರುವ ನೆಟ್‌ವರ್ಕ್ ಸ್ವಿಚ್ ಎಂಬ ಪೆಟ್ಟಿಗೆಯೊಂದಕ್ಕೆ ಯುಪಿಎಸ್ ಇದ್ದರೆ ಎಲ್ಲ ಕ್ಯಾಮೆರಾಗಳೂ ನಡೆಯುತ್ತಿರುತ್ತವೆ. ಗಾಜಿನ ಎಳೆಗೆ ಈ ಕೆಲಸ ಸಾಧ್ಯವಿಲ್ಲ.

ಏಕಾಕ್ಷ ಕೇಬಲ್: ಇದ್ದರೆ ಬಳಸಿ

ಟಿವಿಗೆ ಬರುವ ಆರ್‌ಜಿ-6 ಎಂಬ ಏಕಾಕ್ಷ (ಕೋಆಕ್ಸಿಯಲ್) ಕೇಬಲ್‌ನಲ್ಲಿ ನಡುವೆ ಒಂದು ತಂತಿ, ಸುತ್ತ ನಿರೋಧಕ, ಅದರ ಸುತ್ತ ಲೋಹದ ಜಾಲರಿ. ಸಂಕೇತ ಒಳತಂತಿಗೂ ಜಾಲರಿಗೂ ನಡುವೆ ಸಿಕ್ಕಿಕೊಂಡು ಸಾಗುವುದರಿಂದ ಹೊರಗಿನ ಗದ್ದಲ ಒಳಬರುವುದು ಕಡಿಮೆ, ಗಿಗಾಹರ್ಟ್ಸ್‌ವರೆಗಿನ ಆವರ್ತನವನ್ನೂ ಅದು ಹೊರಬಲ್ಲದು. ಗೋಡೆ ಒಡೆಯಲಾಗದ ಹಳೆಯ ಮನೆಯಲ್ಲಿ ಈ ಕೇಬಲ್ ಮೊದಲೇ ಕೋಣೆಗಳಿಗೆ ಹೋಗಿದ್ದರೆ, ಮೋಕಾ ಎಂಬ ಅಡಾಪ್ಟರುಗಳನ್ನು ಎರಡೂ ತುದಿಗೆ ಹಾಕಿ 1 ಜಿಬಿಪಿಎಸ್‌ಗೂ ಮೇಲಿನ ವೇಗ ಪಡೆಯಬಹುದು. ಆದರೆ ಅಡಾಪ್ಟರುಗಳು ದುಬಾರಿ, ನಮ್ಮ ಊರುಗಳ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದೂ ಇಲ್ಲ. ಇಂಟರ್ನೆಟ್ಟಿಗೆಂದೇ ಇದನ್ನು ಹೊಸದಾಗಿ ಎಳೆಸಲು ಕಾರಣವೇ ಇಲ್ಲ.

ಫೈಬರ್: ಸಿಂಗಲ್ ಮೋಡ್, ಮಲ್ಟಿ ಮೋಡ್

ಎರಡರ ಗಾಜಿನ ಹೊರವ್ಯಾಸ 125 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ವ್ಯತ್ಯಾಸವಿರುವುದು ಬೆಳಕು ಹರಿಯುವ ನಡುತಿರುಳಿನಲ್ಲಿ. ಮಲ್ಟಿ ಮೋಡ್‌ನಲ್ಲಿ ಅದು 50 ಅಥವಾ 62.5 ಮೈಕ್ರಾನ್, ಸಿಂಗಲ್ ಮೋಡ್‌ನಲ್ಲಿ ಸುಮಾರು 9. ತಿರುಳು ಅಗಲವಾದಾಗ ಬೆಳಕಿಗೆ ಹಲವು ಹಾದಿಗಳು ತೆರೆಯುತ್ತವೆ. ಜಾತ್ರೆಗೆ ಒಟ್ಟಿಗೆ ಹೊರಟ ಜನ ಬೇರೆ ಬೇರೆ ಓಣಿ ಹಿಡಿದರೆ ತೇರಿನ ಬಳಿ ಒಮ್ಮೆಲೇ ಸೇರುವುದಿಲ್ಲವಷ್ಟೆ. ಹಾಗೆಯೇ ಒಂದೇ ಕ್ಷಣದಲ್ಲಿ ಹೊರಟ ಬೆಳಕಿನ ಮಿಡಿತ ಆಚೆ ತುದಿಯಲ್ಲಿ ಹರಡಿಕೊಂಡು ಬರುತ್ತದೆ, ಒಂದು ಮಿಡಿತದ ಬಾಲ ಮುಂದಿನದರ ತಲೆಗೆ ತಗುಲುತ್ತದೆ. ಅದಕ್ಕೇ 10 ಜಿಬಿಪಿಎಸ್‌ನಲ್ಲಿ ಓಎಂ3 ಎಂಬ ಮಲ್ಟಿ ಮೋಡ್ ಫೈಬರಿಗೆ 300 ಮೀಟರ್ ಮಿತಿ. ಸಿಂಗಲ್ ಮೋಡ್‌ನಲ್ಲಿ ಹಾದಿ ಒಂದೇ ಇರುವುದರಿಂದ ಸಾಮಾನ್ಯ ಉಪಕರಣಗಳೇ 10 ಕಿಲೋಮೀಟರ್ ತಲುಪಿಸುತ್ತವೆ. ಹಿಂದೆ ಸಿಂಗಲ್ ಮೋಡ್‌ನ ಲೇಸರ್ ಉಪಕರಣಗಳು ಬಹಳ ದುಬಾರಿಯಾಗಿದ್ದಾಗ ಮಲ್ಟಿ ಮೋಡ್‌ಗೆ ಅರ್ಥವಿತ್ತು. ಈಗ ಆ ಅಂತರ ತಗ್ಗಿದೆ, ಸಿಂಗಲ್ ಮೋಡ್ ಕೇಬಲ್ ಮಾತ್ರ ನೋಡಿದರೆ ಅದೇ ಅಗ್ಗ. ಹಳೆಯ ಮಲ್ಟಿ ಮೋಡ್ ಜಾಲಕ್ಕೆ ಸೇರಿಸುವ ಕೆಲಸವಿಲ್ಲದಿದ್ದರೆ ಸಿಂಗಲ್ ಮೋಡನ್ನೇ ಆರಿಸಿ.

ಮನೆಗೆ ಬರುವ ಫೈಬರ್ ಸಂಪರ್ಕವೂ ಸಿಂಗಲ್ ಮೋಡೇ. ಜಿಪಾನ್ ಎಂಬ ವ್ಯವಸ್ಥೆಯಲ್ಲಿ ಒಂದೇ ಎಳೆಯಲ್ಲಿ ನಿಮ್ಮ ಕಡೆಗೆ 1490 ನ್ಯಾನೊಮೀಟರ್ ಬೆಳಕು, ನಿಮ್ಮಿಂದ ಅತ್ತ 1310 ನ್ಯಾನೊಮೀಟರ್ ಬೆಳಕು ಹರಿಯುತ್ತವೆ. ಒಟ್ಟು ಸುಮಾರು 2.5 ಜಿಬಿಪಿಎಸ್ ಅನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಗೋಡೆಯ ಬಳಿಯ ಪೆಟ್ಟಿಗೆಯಲ್ಲಿ ಎಲ್‌ಒಎಸ್ ದೀಪ ಕೆಂಪಾದರೆ ಬೆಳಕೇ ಬರುತ್ತಿಲ್ಲವೆಂದು ಅರ್ಥ. ಸಂಪರ್ಕ ಕೊಡುವವರ ಹುಡುಗ ಪವರ್ ಮೀಟರ್ ಹಿಡಿದು ಬಂದಾಗ ಎಷ್ಟು ಬರುತ್ತಿದೆ ಎಂದು ಕೇಳಿಕೊಳ್ಳಿ. ಬೆಳಕಿನ ಬಲವನ್ನು ಅಳೆಯುವ ಡಿಬಿಎಂ ಎಂಬ ಮಾನದಲ್ಲಿ ಮೈನಸ್ 20ರ ಆಸುಪಾಸು ಚೆನ್ನ, ಮೈನಸ್ 27 ಸಮೀಪಿಸಿದರೆ ಎಲ್ಲೋ ಕೇಬಲ್ ಬಿಗಿಯಾಗಿ ಬಾಗಿದೆ ಅಥವಾ ಕನೆಕ್ಟರಿನಲ್ಲಿ ಧೂಳಿದೆ ಎಂದು ಅನುಮಾನಿಸಬಹುದು. ಪ್ರತಿ 3 ಡೆಸಿಬೆಲ್ ಇಳಿಕೆಗೂ ಬೆಳಕು ಅರ್ಧವಾಗುತ್ತದೆ ಎಂಬುದು ನೆನಪಿರಲಿ. ಹಸಿರು ಕನೆಕ್ಟರಿನ ತುದಿ 8 ಡಿಗ್ರಿ ಓರೆಯಾಗಿ ಸವೆದದ್ದು, ನೀಲಿಯದು ಓರೆಯಿಲ್ಲದ್ದು. ಒಂದಕ್ಕೊಂದು ಸಿಕ್ಕಿಸಿದರೆ ಬೆಳಕೂ ನಷ್ಟ, ತುದಿಗೂ ಗಾಯ. ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಲೇಬಾರದು, ಆ ಬೆಳಕು ಕಾಣದಿದ್ದರೂ ಕಣ್ಣಿಗೆ ಅಪಾಯ.

ಫೈಬರಿನ ಕಷ್ಟ ಇರುವುದು ಜೋಡಣೆಯಲ್ಲಿ. ತಾಮ್ರದ ತುದಿಗೆ ಆರ್‌ಜೆ-45 ಎಂಬ ಕನೆಕ್ಟರ್ ಕಚ್ಚಿಸಲು ಒಂದು ಕ್ರಿಂಪಿಂಗ್ ಇಕ್ಕಳ ಸಾಕು, ಯಾವ ಊರಿನ ಎಲೆಕ್ಟ್ರಿಷಿಯನ್ ಬಳಿಯೂ ಅದಿರುತ್ತದೆ. ಗಾಜಿನ ಎಳೆಯನ್ನಾದರೆ ನೇರವಾಗಿ ಕತ್ತರಿಸಿ, ಸ್ಪ್ಲೈಸಿಂಗ್ ಯಂತ್ರದಲ್ಲಿ ತುದಿಗೆ ತುದಿ ಕೂರಿಸಿ ವಿದ್ಯುತ್ ಕಿಡಿಯಿಂದ ಬೆಸೆಯಬೇಕು. ಯಂತ್ರವಿದ್ದವರನ್ನೇ ಕರೆಸಬೇಕು. ದೂರ ಗೊತ್ತಿದ್ದರೆ ಎರಡೂ ತುದಿಗೆ ಕನೆಕ್ಟರ್ ಹಾಕಿಯೇ ಬರುವ ಸಿದ್ಧ ಕೇಬಲ್ ಕೊಂಡು, ಹೆಚ್ಚಾದದ್ದನ್ನು ಸುರುಳಿ ಸುತ್ತಿಡುವುದು ಇದಕ್ಕೆ ಪರ್ಯಾಯ.

ಯಾರಿಗೆ ಯಾವುದು

ಶಿರಸಿ, ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯನ್ನು ತೆಗೆದುಕೊಳ್ಳೋಣ. ಮನೆಯಿಂದ ಶೆಡ್ಡಿಗೆ 180 ಮೀಟರ್. ತಾಮ್ರದ ಮಿತಿ ಇಲ್ಲೇ ಮುಗಿಯಿತು. ನಡುವೆ ಸ್ವಿಚ್ ಇಟ್ಟು ಎರಡು ತುಂಡು ಮಾಡಬಹುದೆಂದು ಕೆಲವರು ಹೇಳುತ್ತಾರೆ, ಆದರೆ ಬಯಲಿನ ತಾಮ್ರದ ತಂತಿಗೆ ಮಳೆಗಾಲದ ಮುಂಚಿನ ಗುಡುಗು–ಸಿಡಿಲಿನ ಅಪಾಯ ಬೇರೆ. ಸಿಡಿಲು ನೇರವಾಗಿ ಬಡಿಯಬೇಕೆಂದಿಲ್ಲ. ಹತ್ತಿರದ ಮರಕ್ಕೆ ಬಡಿದರೂ ತಂತಿಯಲ್ಲಿ ಹುಟ್ಟುವ ವೋಲ್ಟೇಜ್ ಎರಡು ತುದಿಯ ಉಪಕರಣಗಳನ್ನೂ ಸುಡಬಲ್ಲದು. ಎರಡು ಕಟ್ಟಡಗಳ ಅರ್ಥಿಂಗ್ ಬೇರೆ ಬೇರೆಯಾಗಿರುವುದೂ ತೊಂದರೆಯೇ. ಗಾಜು ವಿದ್ಯುತ್ತನ್ನು ಹರಿಸುವುದಿಲ್ಲವಾದ್ದರಿಂದ ಇಲ್ಲಿ ಸಿಂಗಲ್ ಮೋಡ್ ಫೈಬರಿಗೆ ಸರಿಸಾಟಿಯಿಲ್ಲ. ಆದರೆ ಕೊಳ್ಳುವಾಗ ಎಚ್ಚರ: ಮೇಲೆ ಕಟ್ಟುವ ಅನೇಕ ಡ್ರಾಪ್ ಕೇಬಲ್‌ಗಳಲ್ಲಿ ಆಧಾರಕ್ಕೆ ಉಕ್ಕಿನ ತಂತಿ ಇರುತ್ತದೆ. ಉಕ್ಕಿನ ಬದಲು, ವಿದ್ಯುತ್ ಹರಿಸದ ಎಫ್‌ಆರ್‌ಪಿ (ನಾರು ಬೆರೆತ ಪ್ಲಾಸ್ಟಿಕ್) ಕಡ್ಡಿಯಿರುವುದನ್ನು ಕೇಳಿ ಪಡೆಯಿರಿ. ಮಂಗಗಳ ಕಾಟವಿದ್ದರೆ ಮರದಿಂದ ಮರಕ್ಕೆ ಕಟ್ಟುವ ಬದಲು ಎಚ್‌ಡಿಪಿಇ ಪೈಪಿನಲ್ಲಿ ನೆಲದೊಳಗೆ ಒಯ್ಯುವುದು ಮೇಲು. ಎರಡು ತುದಿಗೂ, ಫೈಬರಿನ ಬೆಳಕನ್ನೂ ತಾಮ್ರದ ಸಂಕೇತವನ್ನೂ ಒಂದಕ್ಕೊಂದು ಬದಲಿಸುವ ಮೀಡಿಯಾ ಕನ್ವರ್ಟರ್ ಬೇಕು. ಒಂದೇ ಎಳೆಯಲ್ಲಿ ನಡೆಯುವ ಬಗೆಯಾದರೆ ಒಂದು ಎ, ಇನ್ನೊಂದು ಬಿ ಎಂದು ಜೋಡಿಯಾಗಿ ಕೊಳ್ಳಬೇಕು, ಎರಡೂ ಎ ಆದರೆ ಕೆಲಸ ನಡೆಯದು. ಶೆಡ್ಡಿನಲ್ಲಿ ಪಂಪಿಗೆಂದು ಕರೆಂಟ್ ಇರುವುದರಿಂದ ಅಲ್ಲೊಂದು ಪುಟ್ಟ ಪಿಒಇ ಸ್ವಿಚ್ ಇಟ್ಟು ಕ್ಯಾಮೆರಾಗಳಿಗೆ ತಾಮ್ರ ಎಳೆಯಬಹುದು. ಆಚೆ ತುದಿಯಲ್ಲಿ ಕರೆಂಟೇ ಇಲ್ಲ, ದೂರ 90 ಮೀಟರ್ ಒಳಗಿದೆ ಎಂದಾದರೆ ಮಾತ್ರ ಸಿಡಿಲು ತಡೆಯುವ ಸಾಧನವಿಟ್ಟು, ಹೊರಾಂಗಣಕ್ಕೆಂದು ಮಾಡಿದ ತಾಮ್ರದ ಕೇಬಲ್ ಬಳಸುವುದು ಸಮಂಜಸ.

ಎರಡು ಕಟ್ಟಡದ ಶಾಲೆಗೂ ಇದೇ ತತ್ವ ಹೊಂದುತ್ತದೆ: ಕಟ್ಟಡಗಳ ನಡುವೆ ದೂರ 40 ಮೀಟರೇ ಇದ್ದರೂ ಫೈಬರ್, ಕಟ್ಟಡದೊಳಗೆ ಕ್ಯಾಟ್ 6. ಎರಡೆಳೆಯ ಬದಲು ನಾಲ್ಕು ಅಥವಾ ಆರೆಳೆಯ ಕೇಬಲ್ ಹಾಕಿಸಿ. ಬೆಲೆ ಸ್ವಲ್ಪವೇ ಹೆಚ್ಚುತ್ತದೆ, ಒಂದೆಳೆ ಕೆಟ್ಟರೆ ಬದಲಿ ಸಿದ್ಧವಿರುತ್ತದೆ.

ಬಾಡಿಗೆ ಮನೆಯಲ್ಲಿರುವವರು ಗೋಡೆಯ ಅಂಚಿಗೆ ಅಂಟಿಸುವ ಒಂದೇ ಒಂದು ಕ್ಯಾಟ್ 6 ಪ್ಯಾಚ್ ಕಾರ್ಡಿನಿಂದ ಕೆಲಸದ ಕೋಣೆಗೆ ಸಂಪರ್ಕ ಒಯ್ದರೆ ಸಾಕು.

ಸ್ವಂತ ಮನೆ ಕಟ್ಟಿಸುವವರಿಗೆ ನನ್ನ ಸಲಹೆ ಹೀಗೆ. ಬಜೆಟ್ ಬಿಗಿಯಿದ್ದರೆ ಎಲ್ಲ ಕೋಣೆಗೂ 25 ಮಿಲಿಮೀಟರ್ ಖಾಲಿ ಪೈಪು ಎಳೆದಾರದ ಸಮೇತ ಹೂಳಿಸಿ, ಕೇಬಲ್ ಮಾತ್ರ ಟಿವಿ, ಕೆಲಸದ ಕೋಣೆ, ಪ್ರತಿ ಮಹಡಿಯ ಚಾವಣಿಯ ಒಂದು ಬಿಂದು, ಗೇಟಿನ ಕ್ಯಾಮೆರಾ ಇಷ್ಟಕ್ಕೇ ಎಳೆಸಿ. ಕೈ ಸ್ವಲ್ಪ ಸಡಿಲವಿದ್ದರೆ ಪ್ರತಿ ಬಿಂದುವಿಗೂ ಎರಡು ಕ್ಯಾಟ್ 6. ಅದಕ್ಕೂ ಮೇಲೆ ಹಣವಿದ್ದರೆ 6ಎಗೆ ಕೊಡುವ ಬದಲು, ಇಂಟರ್ನೆಟ್ ಒಳಬರುವ ಜಾಗದಿಂದ ಸ್ವಿಚ್ ಇಡುವ ಜಾಗಕ್ಕೆ ಒಂದು ಸಿಂಗಲ್ ಮೋಡ್ ಫೈಬರನ್ನು ಬೇರೆ ಪೈಪಿನಲ್ಲಿ ಹಾಕಿಸಿಡಿ. ಮನೆಯೊಳಗಿನ ತಿರುವುಗಳಿಗೆ ಜಿ.657 ಎಂಬ ಬಾಗುವ ಬಗೆಯ ಎಳೆ ಸೂಕ್ತ. ಅದರ ಎ2 ಮಾದರಿ 7.5 ಮಿಲಿಮೀಟರ್ ತ್ರಿಜ್ಯದ ತಿರುವನ್ನೂ ತಾಳುತ್ತದೆ. ಡೇಟಾ ಪೈಪನ್ನು ವಿದ್ಯುತ್ ಪೈಪಿನ ಜೊತೆ ಗೋಡೆಯ ಒಂದೇ ಕೊರೆತದಲ್ಲಿ ಸೇರಿಸಲು ಬಿಡಬೇಡಿ.

ಕೆಲಸ ಮುಗಿದು ಹಣ ಕೊಡುವ ಮುಂಚೆ ಪ್ರತಿ ಬಿಂದುವಿಗೂ ಲ್ಯಾಪ್‌ಟಾಪ್ ಸಿಕ್ಕಿಸಿ ಸಂಪರ್ಕದ ವೇಗ 1 ಜಿಬಿಪಿಎಸ್ ಎಂದು ತೋರಿಸುತ್ತಿದೆಯೇ ನೋಡಿ. 100 ಎಂಬಿಪಿಎಸ್ ಸಾಗಲು ಎರಡೇ ಜೋಡಿ ಸಾಕು, 1 ಜಿಬಿಪಿಎಸ್‌ಗೆ ನಾಲ್ಕೂ ಜೋಡಿ ಬೇಕು. ಹಾಗಾಗಿ ನೀಲಿ ಅಥವಾ ಕಂದು ಜೋಡಿಯ ಒಂದು ತಂತಿ ಕನೆಕ್ಟರಿನಲ್ಲಿ ಸರಿಯಾಗಿ ಕೂರದಿದ್ದರೂ ಇಂಟರ್ನೆಟ್ ಬರುತ್ತಿರುತ್ತದೆ, ವೇಗ ಮಾತ್ರ ಸದ್ದಿಲ್ಲದೆ 100ಕ್ಕೆ ಇಳಿದಿರುತ್ತದೆ. ಅಂಥ ತುದಿಯನ್ನು ಕತ್ತರಿಸಿ, ಹೊಸೆತವನ್ನು ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚದೆ ಮತ್ತೆ ಕಚ್ಚಿಸಿದರೆ ಸರಿಹೋಗುತ್ತದೆ. ಪ್ಲಾಸ್ಟರಿಂಗ್‌ಗೆ ಮುನ್ನ ಪ್ರತಿ ಗೋಡೆಯ ಪೈಪಿನ ಹಾದಿಯ ಫೋಟೋ ತೆಗೆದು, ಅಳತೆಪಟ್ಟಿಯೂ ಅದರಲ್ಲಿ ಕಾಣುವಂತೆ ಇಟ್ಟುಕೊಂಡರೆ ಮುಂದೆ ಮೊಳೆ ಹೊಡೆಯುವವರಿಗೂ ಕೇಬಲ್ ಬದಲಿಸುವವರಿಗೂ ಅದೇ ನಕ್ಷೆಯಾಗುತ್ತದೆ.